ಬಣ್ಣದ ತ್ಯಾಜ್ಯನೀರಿನ ಶುದ್ಧೀಕರಣದಲ್ಲಿ ಕೃಷಿ ಉಳಿಕೆಗಳು

ಬಟ್ಟೆ, ನೂಲು, ಚರ್ಮ, ಕಾಗದಗಳಿಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ಹೊರಬೀಳುವ ನೀರಿನಲ್ಲಿ ಕರಗಿ ಉಳಿದ ಬಣ್ಣವನ್ನು ಬೆಳೆಯುಳಿಕೆಗಳ ಮೇಲ್ಮೈಗೆ ಅಂಟಿಸಿ ತೆಗೆಯುವ ವಿಧಾನ. ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ, ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ, ಬಾಳೆದಿಂಡು, ಕಿತ್ತಳೆ ಸಿಪ್ಪೆ, ಮರದ ಹೊಟ್ಟು, ಅಡಿಕೆ ಸಿಪ್ಪೆ ಮೊದಲಾದವು ಇದಕ್ಕೆ ಬಳಕೆಯಾಗಿವೆ. ಇವನ್ನು ತೊಳೆದು ಒಣಗಿಸಿ ಇದ್ದ ಹಾಗೆಯೇ ಬಳಸಬಹುದು, ಆಮ್ಲ ಅಥವಾ ಕ್ಷಾರದಲ್ಲಿ ಹದಗೊಳಿಸಿ ಬಳಸಬಹುದು, ಇಲ್ಲವೇ ಸುಟ್ಟು ಇದ್ದಿಲು ಮಾಡಿ ಬಳಸಬಹುದು. ಹೊಟ್ಟಿಗೆ ಬಣ್ಣ ಹೀರುವ ಗುಣವಿದೆಯೇ ಎಂಬುದು ಈಗ ಪ್ರಶ್ನೆಯಾಗಿ ಉಳಿದಿಲ್ಲ. ಅರ್ಧ ಶತಮಾನದ ಪ್ರಯೋಗಗಳು ಅದಕ್ಕೆ ಉತ್ತರ ಕೊಟ್ಟಿವೆ. ಯಾವ ಹೊಟ್ಟು ಯಾವ ಬಣ್ಣಕ್ಕೆ ಒಗ್ಗುತ್ತದೆ, ಉಪ್ಪು ಮತ್ತು ಸೋಪು ಬೆರೆತ ಕಾರ್ಖಾನೆಯ ನೀರಿನಲ್ಲಿ ಅದು ಎಷ್ಟು ನಿಲ್ಲುತ್ತದೆ, ಬಣ್ಣ ಹೀರಿದ ಮೇಲೆ ಅದರ ಗತಿ ಏನು ಎಂಬವು ಇಂದಿನ ಪ್ರಶ್ನೆಗಳು. ಈ ಮೂರನ್ನೂ ಬಗೆಹರಿಸದೆ ಹೊರಟ ಯೋಜನೆಗಳು ಪ್ರಯೋಗಶಾಲೆಯ ಹೊಸ್ತಿಲು ದಾಟಿದ್ದು ಕಡಿಮೆ.

ಬಣ್ಣದ ನೀರು

1856ರಲ್ಲಿ ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಹೆನ್ರಿ ಪರ್ಕಿನ್ ಕಲ್ಲಿದ್ದಲಿನ ಟಾರಿನಿಂದ ಬಂದ ವಸ್ತುಗಳಲ್ಲಿ ಕ್ವಿನೀನ್ ತಯಾರಿಸಲು ಹೋಗಿ ನೇರಳೆ ಬಣ್ಣವೊಂದನ್ನು ಪಡೆದ. ಕೃತಕ ಬಣ್ಣಗಳ ಉದ್ಯಮ ಹುಟ್ಟಿದ್ದು ಅಲ್ಲಿಂದ. ಇಂದು ಕೃತಕ ಬಣ್ಣಗಳ ಸಂಖ್ಯೆ ಸಾವಿರಗಳಲ್ಲಿದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ಸಾರಜನಕ ಪರಮಾಣುಗಳ ಜೋಡಿಬಂಧವಿರುವ ಅಜೋ ವರ್ಗಕ್ಕೆ ಸೇರಿದವು. ಶುದ್ಧೀಕರಣದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ವಿಂಗಡಣೆ ಇನ್ನೊಂದಿದೆ. ನೀರಿನಲ್ಲಿ ಧನ ವಿದ್ಯುದಂಶ ಹೊರುವ ಬಣ್ಣಗಳನ್ನು ಬೇಸಿಕ್ ಬಣ್ಣಗಳೆನ್ನುತ್ತಾರೆ. ಇವು ಹೆಚ್ಚಾಗಿ ಅಕ್ರಿಲಿಕ್ ನೂಲಿಗೆ ಹೋಗುತ್ತವೆ. ಋಣ ವಿದ್ಯುದಂಶ ಹೊರುವವು ಆಸಿಡ್, ಡೈರೆಕ್ಟ್ ಮತ್ತು ರಿಯಾಕ್ಟಿವ್ ಬಣ್ಣಗಳು. ರೇಷ್ಮೆ ಮತ್ತು ಉಣ್ಣೆಗೆ ಆಸಿಡ್, ಹತ್ತಿಗೆ ಡೈರೆಕ್ಟ್ ಮತ್ತು ರಿಯಾಕ್ಟಿವ್. ನೀರಿನಲ್ಲಿ ಕರಗದ ಮೂರನೆಯ ಗುಂಪಿನಲ್ಲಿ ಪಾಲಿಯೆಸ್ಟರಿನ ಡಿಸ್ಪರ್ಸ್ ಬಣ್ಣಗಳೂ ಜೀನ್ಸಿನ ನೀಲಿಯಂಥ ವ್ಯಾಟ್ ಬಣ್ಣಗಳೂ ಬರುತ್ತವೆ.

ಹಾಕಿದ ಬಣ್ಣವೆಲ್ಲ ಬಟ್ಟೆಗೆ ಹತ್ತುವುದಿಲ್ಲ. ಇದರಲ್ಲಿ ಅತಿ ಹೆಚ್ಚು ಪೋಲಾಗುವುದು 1956ರಲ್ಲಿ ಮಾರುಕಟ್ಟೆಗೆ ಬಂದು ಹತ್ತಿಯ ಲೋಕವನ್ನೇ ಆಳುತ್ತಿರುವ ರಿಯಾಕ್ಟಿವ್ ಬಣ್ಣ. ಅದು ಹತ್ತಿಯ ಸೆಲ್ಯುಲೋಸಿನೊಂದಿಗೆ ರಾಸಾಯನಿಕ ಬಂಧ ಬೆಸೆಯುವುದರಿಂದ ಒಗೆತಕ್ಕೆ ಬಿಡುವುದಿಲ್ಲ. ಆದರೆ ಅದೇ ತೊಟ್ಟಿಯಲ್ಲಿ ಒಂದು ಪಾಲು ಬಣ್ಣ ನೂಲಿನ ಬದಲು ನೀರಿನೊಂದಿಗೇ ಬೆಸೆದುಕೊಂಡು ನಿರುಪಯೋಗಿಯಾಗುತ್ತದೆ. ಬಣ್ಣ ಹಾಗೂ ಬಟ್ಟೆಯನ್ನು ಅವಲಂಬಿಸಿ ಈ ನಷ್ಟ ಶೇ. 10ರಿಂದ 50ರವರೆಗೂ ಹೋಗುತ್ತದೆ. ಹೀಗೆ ಕೆಟ್ಟ ಬಣ್ಣವನ್ನು ಹಿಡಿದು ಮತ್ತೆ ತೊಟ್ಟಿಗೆ ಹಾಕಿದರೂ ಅದು ನೂಲಿಗೆ ಹತ್ತದು. ಜೊತೆಗೆ ಬಣ್ಣ ನೂಲಿನ ಕಡೆ ಸರಿಯಲೆಂದು ಲೀಟರಿಗೆ ಹತ್ತಾರು ಗ್ರಾಂ ಉಪ್ಪು, ಬಂಧ ಬೆಸೆಯಲೆಂದು ಸೋಡಾ ಹಾಕಿರುತ್ತಾರೆ. ಹೀಗಾಗಿ ಹೊರಬೀಳುವ ನೀರು ಬಣ್ಣದ್ದು ಮಾತ್ರವಲ್ಲ, ಬಿಸಿಯದು, ಉಪ್ಪಿನದು, ಕ್ಷಾರದ್ದು.

ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಬಣ್ಣವಿದ್ದರೂ ಕಣ್ಣಿಗೆ ಕಾಣುತ್ತದೆ. ಹೊಳೆಗೆ ಸೇರಿದ ಬಣ್ಣ ಸೂರ್ಯನ ಬೆಳಕನ್ನು ತಡೆದು ನೀರಿನೊಳಗಿನ ಪಾಚಿ ಮತ್ತು ಸಸ್ಯಗಳ ಆಹಾರ ತಯಾರಿಕೆಯನ್ನು ಕುಂದಿಸುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೆಲವು ಅಜೋ ಬಣ್ಣಗಳು ಒಡೆದು ಆರೊಮ್ಯಾಟಿಕ್ ಅಮೀನುಗಳಾಗುತ್ತವೆ. ಈ ಗುಂಪಿನ ಬೆಂಜಿಡೀನ್ ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂದು ಬಣ್ಣದ ಕಾರ್ಖಾನೆಗಳ ಕಾರ್ಮಿಕರ ರೋಗದ ದಾಖಲೆಗಳೇ ತೋರಿಸಿಕೊಟ್ಟವು. ಬೆಂಜಿಡೀನ್ ಮೂಲದ ಬಣ್ಣಗಳನ್ನೂ ಅಂಥ ಅಮೀನು ಬಿಡುವ ಹಲವು ಅಜೋ ಬಣ್ಣಗಳನ್ನೂ ಭಾರತ 1990ರ ದಶಕದಲ್ಲಿ ನಿಷೇಧಿಸಿತು. ಬಿಸಿಲಿಗೆ, ಬೆವರಿಗೆ, ಸೋಪಿಗೆ ಜಗ್ಗಬಾರದೆಂದೇ ಕಟ್ಟಿದ ಅಣುಗಳಾದ್ದರಿಂದ ಚರಂಡಿ ನೀರನ್ನು ಶುದ್ಧಗೊಳಿಸುವ ಸಾಮಾನ್ಯ ಜೈವಿಕ ತೊಟ್ಟಿಗಳಲ್ಲಿ ಕೃತಕ ಬಣ್ಣಗಳು ಹೆಚ್ಚು ಒಡೆಯುವುದಿಲ್ಲ. 2016ರ ಅಕ್ಟೋಬರಿನಲ್ಲಿ ಹೊರಟ ಕೇಂದ್ರದ ಅಧಿಸೂಚನೆ ಜವಳಿ ಕಾರ್ಖಾನೆಗಳ ನೀರಿನ ಬಣ್ಣಕ್ಕೆ ಪ್ಲಾಟಿನಂ-ಕೋಬಾಲ್ಟ್ ಮಾನದಲ್ಲಿ 150ರ ಮಿತಿ ಹಾಕಿದೆ. ಅದೇ ಅಧಿಸೂಚನೆಯಲ್ಲಿ ಕರಗಿದ ಲವಣಾಂಶಕ್ಕೆ ಲೀಟರಿಗೆ 2,100 ಮಿ.ಗ್ರಾಂ ಎಂಬ ಮಿತಿಯೂ ಇದೆ.

ಈ ಲವಣದ ಮಾತು ಏಕೆ ಮುಖ್ಯವೆಂದು ತಮಿಳುನಾಡಿನ ತಿರುಪ್ಪೂರು ತೋರಿಸಿಕೊಟ್ಟಿದೆ. ಬನಿಯನ್ ಮತ್ತು ಟೀ ಶರ್ಟಿನ ಈ ಪಟ್ಟಣದ ನೂರಾರು ಬಣ್ಣದ ಘಟಕಗಳು ನೊಯ್ಯಲ್ ನದಿಗೆ ಬಿಟ್ಟ ನೀರು ಕೆಳಗಿನ ಒರತ್ತುಪಾಳಯಂ ಜಲಾಶಯದಲ್ಲಿ ನಿಂತಿತು. ಹೊಲಕ್ಕೆಂದು ಕಟ್ಟಿದ ಅಣೆಕಟ್ಟೆಯ ನೀರನ್ನು ಬಿಡಬೇಡಿ ಎಂದು ರೈತರೇ ಬೇಡಿಕೊಳ್ಳುವ ಸ್ಥಿತಿ ಬಂತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ಅಳವಡಿಸಿಕೊಂಡ ಮೇಲೆಯೇ ಘಟಕಗಳು ಮತ್ತೆ ತೆರೆದುಕೊಂಡವು. ಆ ವ್ಯವಸ್ಥೆಯಲ್ಲಿ ರಿವರ್ಸ್ ಆಸ್ಮಾಸಿಸ್ ಪೊರೆಗಳೂ ನೀರನ್ನು ಆವಿ ಮಾಡಿ ಉಪ್ಪು ಉಳಿಸುವ ಯಂತ್ರಗಳೂ ಇವೆ. ಬೆಳೆಯುಳಿಕೆಗಳಿಗೆ ಬಣ್ಣ ಹೀರುವ ಗುಣವಿದೆ, ಅಡುಗೆ ಉಪ್ಪನ್ನು ಹೀರುವ ಗುಣವಿಲ್ಲ. ಹೊಟ್ಟಿನ ಸೋಸುಗದಿಂದ ತಿಳಿಯಾಗಿ ಬಂದ ನೀರು ಬೆಳೆಗೆ ವಿಷವೇ ಆಗಿರಬಹುದು. ಈ ವಿಷಯದ ಬಗ್ಗೆ ಬರೆಯುವವರು ಈ ಮಾತನ್ನು ಮೊದಲೇ ಹೇಳಬೇಕು. ಬಹುಪಾಲು ಬರಹಗಳು ಹೇಳುವುದಿಲ್ಲ.

ಹೀರಿಕೆಯ ಬಗೆ

ಇದ್ದಿಲಿಗೆ ಬಣ್ಣ ತೆಗೆಯುವ ಶಕ್ತಿಯಿದೆ ಎಂದು 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಔಷಧ ತಯಾರಕ ಟೋಬಿಯಾಸ್ ಲೋವಿಟ್ಸ್ ಗುರುತಿಸಿದ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ಯೂರೋಪಿನ ಸಕ್ಕರೆ ಕಾರ್ಖಾನೆಗಳು ಕಂದು ರಸವನ್ನು ಮೂಳೆ ಇದ್ದಿಲಿನಲ್ಲಿ ಸೋಸಿ ಬಿಳಿ ಸಕ್ಕರೆ ತೆಗೆಯುತ್ತಿದ್ದವು. ಘನವಸ್ತುವಿನ ಮೇಲ್ಮೈಯಲ್ಲಿ ಅಣುಗಳು ಬಂದು ಕೂರುವ ಈ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಒಳಕ್ಕೆ ಇಳಿದು ಹಂಚಿಕೊಳ್ಳುವ ಹೀರಿಕೆಗಿಂತ ಇದು ಭಿನ್ನ. ಇಲ್ಲಿ ಎಲ್ಲವೂ ಮೇಲ್ಮೈಯ ವಿಸ್ತಾರ ಮತ್ತು ಸ್ವಭಾವದ ಮೇಲೆ ನಿಂತಿದೆ.

ಬೆಳೆಯುಳಿಕೆಗಳ ಮೈ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಿಂದ ಕಟ್ಟಿದ್ದು. ಹಣ್ಣಿನ ಸಿಪ್ಪೆಗಳಲ್ಲಿ ಪೆಕ್ಟಿನ್ ಕೂಡ ಇರುತ್ತದೆ. ಇವುಗಳಲ್ಲಿರುವ ಗುಂಪುಗಳು, ಮುಖ್ಯವಾಗಿ ಕಾರ್ಬಾಕ್ಸಿಲ್ ಗುಂಪುಗಳು, ಸಾಮಾನ್ಯ ನೀರಿನಲ್ಲಿ ಪ್ರೋಟಾನು ಬಿಟ್ಟುಕೊಟ್ಟು ಮೇಲ್ಮೈಗೆ ಋಣ ವಿದ್ಯುದಂಶ ತರುತ್ತವೆ. ಆದ್ದರಿಂದ ಧನ ವಿದ್ಯುದಂಶದ ಬೇಸಿಕ್ ಬಣ್ಣಗಳು ಹಸಿ ಹೊಟ್ಟಿಗೂ ಸಲೀಸಾಗಿ ಅಂಟುತ್ತವೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಮೈತುಂಬ ಸಲ್ಫೊನೇಟ್ ಗುಂಪು ಹೊತ್ತ ಋಣ ಅಣುಗಳು. ಅವನ್ನು ಹೊಟ್ಟು ದೂರ ತಳ್ಳುತ್ತದೆ. ನೀರನ್ನು ಆಮ್ಲೀಯಗೊಳಿಸಿದರೆ ಮೇಲ್ಮೈಯ ಋಣಾಂಶ ಕುಗ್ಗಿ, ಒಂದು ಹಂತದಲ್ಲಿ ಶೂನ್ಯವಾಗಿ, ಅದರ ಕೆಳಗೆ ಧನವಾಗುತ್ತದೆ. ಆಗ ಆಸಿಡ್ ಮತ್ತು ರಿಯಾಕ್ಟಿವ್ ಬಣ್ಣಗಳೂ ಹತ್ತಿರ ಬರುತ್ತವೆ. ಯಾವ ಪಿಎಚ್ ಮಟ್ಟದಲ್ಲಿ ಮೇಲ್ಮೈ ಶೂನ್ಯವಾಗುತ್ತದೆ ಎಂದು ತಿಳಿಯದೆ ಯಾವ ಹೊಟ್ಟನ್ನೂ ಯಾವ ಬಣ್ಣಕ್ಕೂ ಶಿಫಾರಸು ಮಾಡಲಾಗದು. ವಿದ್ಯುದಂಶದ ಸೆಳೆತವಲ್ಲದೆ ಹೈಡ್ರೋಜನ್ ಬಂಧ, ಅಣುವಿನ ಚಪ್ಪಟೆ ಉಂಗುರಗಳು ಲಿಗ್ನಿನ್ ಅಥವಾ ಇದ್ದಿಲಿನ ಉಂಗುರಗಳ ಮೇಲೆ ಒರಗಿ ಕೂರುವ ಆಕರ್ಷಣೆ, ಸೂಕ್ಷ್ಮ ರಂಧ್ರಗಳೊಳಗೆ ಸಿಕ್ಕಿಕೊಳ್ಳುವಿಕೆ ಇವೂ ಕೆಲಸ ಮಾಡುತ್ತವೆ.

ಎಷ್ಟು ಬಣ್ಣ ಹತ್ತಿತೆಂಬುದನ್ನು ಅಳೆಯುವ ಗಣಿತ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದ್ದು. ಹೀರಿಕೆಯ ವೇಗದ ಸೂತ್ರ 1898ರ ಲಾಗರ್‌ಗ್ರೆನ್‌ನದು. ಒಂದೇ ಪದರವಾಗಿ ಅಣುಗಳು ಕೂರುತ್ತವೆಂಬ ಊಹೆಯ ಮೇಲೆ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1910ರ ದಶಕದಲ್ಲಿ ಕಟ್ಟಿದ ಸೂತ್ರ ಅನಿಲಗಳಿಗಾಗಿ ಬರೆದದ್ದು. ಮೇಲ್ಮೈ ರಸಾಯನದ ಕೆಲಸಕ್ಕೆ ಆತನಿಗೆ 1932ರ ನೊಬೆಲ್ ಬಂತು. ಕೊಳವೆಯಲ್ಲಿ ತುಂಬಿದ ಹೊಟ್ಟು ಎಷ್ಟು ಹೊತ್ತು ಬಾಳುತ್ತದೆಂದು ಲೆಕ್ಕ ಹಾಕಲು ಇಂದಿಗೂ ಬಳಸುವ ಬೊಹಾರ್ಟ್-ಆಡಮ್ಸ್ ಸೂತ್ರ ಇದ್ದಿಲು ಕ್ಲೋರಿನ್ ಅನಿಲವನ್ನು ಹಿಡಿಯುವ ಬಗೆಯನ್ನು ಕುರಿತು 1920ರಲ್ಲಿ ಪ್ರಕಟವಾದ ಅಧ್ಯಯನದ್ದು. ಹೊಟ್ಟು ಮತ್ತು ಬಣ್ಣದ ನೀರಿನ ಮೇಲಿನ ಸಾವಿರಾರು ಪ್ರಬಂಧಗಳು ಇವೇ ಸೂತ್ರಗಳಿಗೆ ಅಂಕಿಗಳನ್ನು ಹೊಂದಿಸಿ ನೋಡಿವೆ.

ಸಂಶೋಧನೆಯ ಹಾದಿ

ಆಧುನಿಕ ಸಂಶೋಧನೆಯ ಮೊದಲ ಹೆಜ್ಜೆಗಳಲ್ಲಿ 1976ರಲ್ಲಿ ಪೂಟ್ಸ್, ಮೆಕೇ ಮತ್ತು ಹೀಲಿ ಪ್ರಕಟಿಸಿದ ಪ್ರಬಂಧಗಳು ಎದ್ದು ಕಾಣುತ್ತವೆ. ಬೆಲ್‌ಫಾಸ್ಟಿನ ಈ ತಂಡ ಐರ್ಲೆಂಡಿನ ಜೌಗು ನೆಲದ ಪೀಟ್ ಮಣ್ಣನ್ನೂ ಮರವನ್ನೂ ಆಸಿಡ್ ಬಣ್ಣ ತೆಗೆಯಲು ಬಳಸಿತು. ಗಾರ್ಡನ್ ಮೆಕೇ ಮುಂದೆ ಈಜಿಪ್ಟಿನ ಸಂಶೋಧಕರೊಂದಿಗೆ ಕಬ್ಬಿನ ಸಿಪ್ಪೆಯ ತಿರುಳಿನ ಮೇಲೆ ಕೆಲಸ ಮಾಡಿದರು. ಈಜಿಪ್ಟಿನ ಎಲ್-ಗ್ಯುಂಡಿ 1991ರಲ್ಲಿ ಮೆಕ್ಕೆಜೋಳದ ಬೆಂಡಿನ ಮೇಲೆ ಪ್ರಕಟಿಸಿದ ಅಂಕಿಗಳು ಈ ಕ್ಷೇತ್ರದ ಪಾಠವನ್ನೆಲ್ಲ ಒಂದೆಡೆ ಹಿಡಿದಿಟ್ಟಿವೆ. ಒಂದು ಗ್ರಾಂ ಬೆಂಡು ಒಂದು ಬೇಸಿಕ್ ನೀಲಿಯನ್ನು 160 ಮಿ.ಗ್ರಾಂ, ಬೇಸಿಕ್ ಕೆಂಪನ್ನು ಸುಮಾರು 94 ಮಿ.ಗ್ರಾಂ ಹೀರಿತು, ಆಸಿಡ್ ಕೆಂಪು ಮತ್ತು ಆಸಿಡ್ ನೀಲಿಯನ್ನು ಹೀರಿದ್ದು 48 ಮತ್ತು 41 ಮಿ.ಗ್ರಾಂ. ಬೆಂಡು ಅದೇ, ಬಣ್ಣ ಬೇರೆ.

ಭಾರತದಲ್ಲಿ ಈ ವಿಷಯಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ, ಸಿ. ನಮಶಿವಾಯಂ ಮತ್ತು ಅವರ ವಿದ್ಯಾರ್ಥಿಗಳಿಂದ. ಒಂದು ಕಡೆ ಪೊಳ್ಳಾಚಿಯ ತೆಂಗಿನ ನಾರಿನ ಗಿರಣಿಗಳು, ಇನ್ನೊಂದು ಕಡೆ ಸುಮಾರು 50 ಕಿ.ಮೀ. ದೂರದ ತಿರುಪ್ಪೂರು. ಆ ಭೂಗೋಳವೇ ಪ್ರಶ್ನೆಯನ್ನು ಮುಂದಿಟ್ಟಿತ್ತು. ಬಾಳೆದಿಂಡಿನ ಮೇಲಿನ ಅವರ ಪ್ರಬಂಧ 1992ರದು, ಕಿತ್ತಳೆ ಸಿಪ್ಪೆಯ ಮೇಲಿನದು 1996ರದು. ಬಳಿಕ ನಾರಿನ ಪುಡಿಯಿಂದ ಮಾಡಿದ ಇದ್ದಿಲಿನ ಮೇಲೆ ಸಾಲು ಸಾಲು ಅಧ್ಯಯನಗಳು ಬಂದವು. ಹಿಸಾರಿನಲ್ಲಿ ಮರದ ಹೊಟ್ಟು, ರೂರ್ಕಿಯಲ್ಲಿ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿ, ಮಲೇಷ್ಯಾದಲ್ಲಿ ಹಲಸಿನ ಸಿಪ್ಪೆ ಹೀಗೆ ಪಟ್ಟಿ ಬೆಳೆಯಿತು. ಫ್ರಾನ್ಸಿನ ಗ್ರೆಗೊರಿಯೊ ಕ್ರಿನಿ 2006ರಲ್ಲಿ ಆವರೆಗಿನ ಕೆಲಸವನ್ನು ಒಟ್ಟುಮಾಡಿ ಬರೆದ ಸಮೀಕ್ಷೆ ಈ ಕ್ಷೇತ್ರಕ್ಕೆ ಕಾಲಿಡುವವರು ಇಂದಿಗೂ ಮೊದಲು ಓದುವ ಬರಹ.

ಉಳಿಕೆಗಳು

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಅದರ ತೂಕದ ಶೇ. 15ರಿಂದ 20ರಷ್ಟು ಸಿಲಿಕಾ. ಒಂದು ಹಿಡಿ ಹೊಟ್ಟನ್ನು ಬಣ್ಣದ ನೀರಿಗೆ ಹಾಕಿದರೆ ಮೊದಲು ಆಗುವುದು ಹೀರಿಕೆಯಲ್ಲ, ತೇಲುವಿಕೆ. ಹೊರಮೈಯ ಸಿಲಿಕಾ ಮತ್ತು ಮೇಣದಂಥ ಪದರ ನೀರನ್ನು ಹತ್ತಿರ ಬಿಡುವುದಿಲ್ಲ. ಕಾಲು ಗಂಟೆ ಕಲಕಿದ ಮೇಲೆ ಒಂದೊಂದೇ ಎಸಳು ಮುಳುಗತೊಡಗುತ್ತದೆ. ಹಿಡಿದು ನೋಡಿದರೆ ಬಣ್ಣ ಕಟ್ಟಿರುವುದು ಒಳಮೈಯ ನುಣುಪು ಭಾಗದಲ್ಲಿ ಮತ್ತು ಮುರಿದ ಅಂಚುಗಳಲ್ಲಿ. ಅದಕ್ಕೇ ಹೊಟ್ಟನ್ನು ಪುಡಿ ಮಾಡುತ್ತಾರೆ, ಇಲ್ಲವೇ ಕ್ಷಾರದಲ್ಲಿ ಕುದಿಸಿ ಹೊರಪದರವನ್ನು ಬಿಡಿಸುತ್ತಾರೆ. ಹಸಿ ಹೊಟ್ಟು ಮೆಥಿಲೀನ್ ಬ್ಲೂ ಬಣ್ಣವನ್ನು ಗ್ರಾಂಗೆ ಸುಮಾರು 40 ಮಿ.ಗ್ರಾಂವರೆಗೆ ಹಿಡಿದ ದಾಖಲೆಯಿದೆ. ಅದನ್ನು ಇದ್ದಿಲು ಮಾಡಿದಾಗ ಇದೇ ಬಣ್ಣಕ್ಕೆ 343 ಮಿ.ಗ್ರಾಂ ಬಂದದ್ದನ್ನು ತಮಿಳುನಾಡಿನ ಕಣ್ಣನ್ ಮತ್ತು ಸುಂದರಂ 2001ರಲ್ಲಿ ವರದಿ ಮಾಡಿದ್ದಾರೆ. ಅವರ ಅಳತೆಯಲ್ಲಿ ಹುಲ್ಲಿನ ಇದ್ದಿಲು 472, ತೆಂಗಿನ ಚಿಪ್ಪಿನದು 278, ಶೇಂಗಾ ಸಿಪ್ಪೆಯದು 165, ಅಂಗಡಿಯ ಸಕ್ರಿಯ ಇದ್ದಿಲು 980 ಮಿ.ಗ್ರಾಂ ಹೀರಿದವು.

ತೆಂಗಿನ ನಾರು ಬಿಡಿಸುವಾಗ ಉದುರುವ ಪುಡಿ ನಾರಿಗಿಂತ ಹೆಚ್ಚು. ಲಿಗ್ನಿನ್ ಅಂಶ ದಂಡಿಯಾಗಿರುವುದರಿಂದ ಬೇಗ ಕೊಳೆಯುವುದಿಲ್ಲ, ಗಿರಣಿಗಳ ಸುತ್ತ ಗುಡ್ಡಗಳಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಅದರಿಂದ ಇಳಿಯುವ ಕಂದು ನೀರು ಬಾವಿಗಳನ್ನು ಕೆಡಿಸುತ್ತದೆ. ಬಣ್ಣ ಹೀರಲು ಬಳಸಿದಾಗಲೂ ಇದೇ ತೊಂದರೆ: ತೊಳೆಯದ ಪುಡಿ ನೀಲಿಯನ್ನು ತೆಗೆದುಕೊಂಡು ಟ್ಯಾನಿನ್‌ನ ಕಂದನ್ನು ಕೊಡುತ್ತದೆ. ನೀರಿನ ಬಣ್ಣ ಇಳಿದರೂ ಸಾವಯವ ಹೊರೆ ಏರುತ್ತದೆ. ಒದ್ದೆಯಾದ ಪುಡಿ ಊದಿಕೊಂಡು ಕೊಳವೆಯಲ್ಲಿ ಗಾರೆಯಂತೆ ಕೂತುಬಿಡುವುದು ಇನ್ನೊಂದು ಸಮಸ್ಯೆ. ಕೊಯಮತ್ತೂರಿನವರು ಇದನ್ನು ಸುಟ್ಟು ಬಳಸಿದ್ದಕ್ಕೆ ಇವೂ ಕಾರಣ. ಆದರೆ ಸುಟ್ಟದ್ದೆಲ್ಲ ಒಳ್ಳೆಯ ಇದ್ದಿಲಾಗುವುದಿಲ್ಲ. ನಾರಿನ ಪುಡಿಯ ಆ ಇದ್ದಿಲು ಕಾಂಗೊ ಕೆಂಪನ್ನು ಗ್ರಾಂಗೆ 6.7 ಮಿ.ಗ್ರಾಂ, ಮೆಥಿಲೀನ್ ಬ್ಲೂವನ್ನು 5.9 ಮಿ.ಗ್ರಾಂ ಮಾತ್ರ ಹಿಡಿಯಿತು. ಹಸಿ ಭತ್ತದ ಹೊಟ್ಟಿನ ಅಂಕಿಗಿಂತಲೂ ಇದು ಕಡಿಮೆ.

ಬಾಳೆ ಮತ್ತು ಕಿತ್ತಳೆ ಸಿಪ್ಪೆಗಳ ಹೀರಿಕೆ ಮೆಥಿಲೀನ್ ಬ್ಲೂಗೆ ಗ್ರಾಂಗೆ 20 ಮಿ.ಗ್ರಾಂ ಆಸುಪಾಸಿನದು. ಅವು ಬೇಗ ಕೊಳೆಯುವುದರಿಂದ ದಾಸ್ತಾನು ಮಾಡುವುದೇ ಕಷ್ಟ. ಗೇರು ಚಿಪ್ಪು, ಹುಣಸೆ ಚಿಪ್ಪು, ಕಾಫಿ ಸಿಪ್ಪೆ, ಗೋಧಿ ಹೊಟ್ಟು, ಹತ್ತಿ ಕಟ್ಟಿಗೆ, ಸೂರ್ಯಕಾಂತಿ ದಂಟು ಇವೆಲ್ಲವನ್ನೂ ಪರೀಕ್ಷಿಸಿದ್ದಾರೆ. ಫಲಿತಾಂಶಗಳು ಇದೇ ವ್ಯಾಪ್ತಿಯಲ್ಲಿ ಮೇಲೆ ಕೆಳಗೆ ಆಡುತ್ತವೆ. ಕಬ್ಬಿನ ಸಿಪ್ಪೆಗಿಂತ ಅದು ಬಾಯ್ಲರಿನಲ್ಲಿ ಉರಿದ ಮೇಲೆ ಉಳಿಯುವ ಬೂದಿ ಹೆಚ್ಚು ಆಸಕ್ತಿಯದು. ಪೂರ್ತಿ ಉರಿಯದ ಇಂಗಾಲ ಅದರಲ್ಲಿ ಉಳಿದಿರುತ್ತದೆ. ಇದ್ದಿಲು ಮಾಡುವ ಖರ್ಚನ್ನು ಸಕ್ಕರೆ ಕಾರ್ಖಾನೆ ಆಗಲೇ ಭರಿಸಿರುತ್ತದೆ.

ಇವೆಲ್ಲವನ್ನೂ ತ್ಯಾಜ್ಯ ಎಂದು ಕರೆಯುವುದು ರೂಢಿ. ಆದರೆ ಭತ್ತದ ಹೊಟ್ಟು ಇಂದು ಬಾಯ್ಲರುಗಳ ಇಂಧನ, ಇಟ್ಟಿಗೆ ಗೂಡಿನ ಇಂಧನ. ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತೂ ಕಾಗದವೂ ಆಗುತ್ತವೆ. ನಾರಿನ ಪುಡಿಯನ್ನು ತೊಳೆದು ಇಟ್ಟಿಗೆಯಂತೆ ಒತ್ತಿ ಕೋಕೋಪೀಟ್ ಎಂದು ವಿದೇಶಕ್ಕೆ ಕಳಿಸುತ್ತಾರೆ. ತೆಂಗಿನ ಚಿಪ್ಪಿಗೆ ಇದ್ದಿಲಿನವರು ಮನೆ ಬಾಗಿಲಿಗೆ ಬರುತ್ತಾರೆ. ಪುಕ್ಕಟೆ ಸಿಗುತ್ತದೆಂಬ ಊಹೆಯ ಮೇಲೆ ಹಾಕಿದ ಖರ್ಚಿನ ಲೆಕ್ಕ ಮೊದಲ ವರ್ಷವೇ ತಲೆಕೆಳಗಾಗುತ್ತದೆ. ಬೇರೆ ಗಿರಾಕಿ ಇಲ್ಲದ, ರಸ್ತೆ ಬದಿಯಲ್ಲಿ ಸುಡುವ ಉಳಿಕೆಯನ್ನೇ ಹುಡುಕಿ ಆರಿಸುವುದು ವಿವೇಕ.

ಹದಗೊಳಿಸುವಿಕೆ

ಕನಿಷ್ಠ ಹದವೆಂದರೆ ಕಸ ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು, ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯುವುದು. ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿದರೆ ಲಿಗ್ನಿನ್ ಮತ್ತು ಸಿಲಿಕಾದ ಒಂದು ಭಾಗ ಕಳಚಿ ಸೆಲ್ಯುಲೋಸ್ ತೆರೆದುಕೊಳ್ಳುತ್ತದೆ. ಸಿಟ್ರಿಕ್ ಆಮ್ಲದೊಂದಿಗೆ ಬಿಸಿ ಮಾಡಿದರೆ ಕಾರ್ಬಾಕ್ಸಿಲ್ ಗುಂಪುಗಳು ಹೆಚ್ಚಿ ಬೇಸಿಕ್ ಬಣ್ಣಗಳ ಹೀರಿಕೆ ಏರುತ್ತದೆ. ಅಮೋನಿಯಂ ಗುಂಪುಗಳನ್ನು ಕೂರಿಸಿ ಮೇಲ್ಮೈಯನ್ನೇ ಧನವಾಗಿಸಿದರೆ ರಿಯಾಕ್ಟಿವ್ ಬಣ್ಣಗಳನ್ನೂ ಹಿಡಿಯಬಹುದು. ಹತ್ತಿಯ ಬಣ್ಣದ ನೀರಿಗೆ ನಿಜಕ್ಕೂ ಬೇಕಾದದ್ದು ಈ ಕೊನೆಯದು; ಅದೇ ಎಲ್ಲಕ್ಕಿಂತ ದುಬಾರಿ. ಹಿಂದೆ ಮರದ ಹೊಟ್ಟಿನ ಬಣ್ಣ ಬಿಡದಂತೆ ಫಾರ್ಮಾಲ್ಡಿಹೈಡ್ ಬಳಸುತ್ತಿದ್ದರು. ನೀರು ಶುದ್ಧ ಮಾಡುವ ಕೆಲಸಕ್ಕೆ ಕ್ಯಾನ್ಸರ್ ಕಾರಕವೊಂದನ್ನು ತರುವುದು ಎಷ್ಟು ಸರಿ ಎಂಬ ಆಕ್ಷೇಪ ನ್ಯಾಯವಾದದ್ದು.

ಇದ್ದಿಲಿನ ದಾರಿಯಲ್ಲಿ ಎರಡು ಹಂತ. ಗಾಳಿ ಕಡಿಮೆ ಇರುವ ಗೂಡಿನಲ್ಲಿ ಸಾಮಾನ್ಯವಾಗಿ 300ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಬಯೋಚಾರ್ ಸಿಗುತ್ತದೆ. ಉಗಿ ಹಾಯಿಸಿ 800-900 ಡಿಗ್ರಿಗೆ ಏರಿಸಿದರೆ, ಇಲ್ಲವೇ ಫಾಸ್ಫರಿಕ್ ಆಮ್ಲ, ಜಿಂಕ್ ಕ್ಲೋರೈಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡುಗಳಲ್ಲಿ ನೆನೆಸಿ ಕಾಯಿಸಿದರೆ ರಂಧ್ರಗಳು ಬಿರಿದು ಸಕ್ರಿಯ ಇದ್ದಿಲಾಗುತ್ತದೆ. ಹೀರುವ ಶಕ್ತಿ ಬಹುಪಾಲು ಈ ಎರಡನೆಯ ಹಂತದ ಕೊಡುಗೆ. ಗೂಡಿಗೆ ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಗೆಯಾಗಿ ಹೋಗುವುದನ್ನೂ ಆಮ್ಲ ತೊಳೆದ ನೀರು ಇನ್ನೊಂದು ತ್ಯಾಜ್ಯವಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಯೋಗಶಾಲೆಯಿಂದ ಕಾರ್ಖಾನೆಗೆ

ಪ್ರಯೋಗದ ಕ್ರಮ ಸರಳ. ಶಂಕುವಿನಾಕಾರದ ಫ್ಲಾಸ್ಕಿನಲ್ಲಿ 100 ಮಿ.ಲೀ. ಬಣ್ಣದ ದ್ರಾವಣ, ಅದಕ್ಕೆ ತೂಗಿ ಹಾಕಿದ ಹೊಟ್ಟು. ಷೇಕರಿನಲ್ಲಿಟ್ಟು ಅಲುಗಿಸುತ್ತಾರೆ. ಐದು, ಹತ್ತು, ಮೂವತ್ತು ನಿಮಿಷಗಳಿಗೊಮ್ಮೆ ಸ್ವಲ್ಪ ತೆಗೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟು ಬೆಳಕಿನ ಹೀರಿಕೆ ಓದುತ್ತಾರೆ. ಮೆಥಿಲೀನ್ ಬ್ಲೂ ಆದರೆ ಸುಮಾರು 665 ನ್ಯಾನೋಮೀಟರಿನಲ್ಲಿ. ಮೊದಲ ಕೆಲವು ನಿಮಿಷಗಳಲ್ಲಿ ಅಂಕಿ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಆ ನಿಂತ ಅಂಕಿಯೇ ಸಮತೋಲ.

ಮೆಥಿಲೀನ್ ಬ್ಲೂ ಇಷ್ಟು ಪ್ರಿಯವಾದದ್ದಕ್ಕೆ ಕಾರಣಗಳಿವೆ. ಅಗ್ಗ, ಅಳೆಯಲು ಸುಲಭ, ಇದ್ದಿಲಿನ ಗುಣ ನೋಡಲು ಹಳೆಯ ಕಾಲದಿಂದ ಬಳಕೆಯಲ್ಲಿರುವ ಮಾಪಕ. ಚಪ್ಪಟೆಯಾದ ಧನ ಅಣುವಾದ್ದರಿಂದ ಯಾವ ಹೊಟ್ಟಿಗಾದರೂ ಅಂಟುತ್ತದೆ. ದೋಷ ಇರುವುದೂ ಅಲ್ಲೇ. ಹತ್ತಿಯ ಬಣ್ಣದ ಘಟಕ ಹೊರಬಿಡುವುದು ಋಣ ಅಣುಗಳನ್ನು, ಅದೂ ಕ್ಷಾರದ ನೀರಿನಲ್ಲಿ. ಬಟ್ಟಿ ಇಳಿಸಿದ ನೀರಿನಲ್ಲಿ ಒಂಟಿ ಮೆಥಿಲೀನ್ ಬ್ಲೂ ಕರಗಿಸಿ ಪಡೆದ ಶೇ. 98ರ ಫಲಿತಾಂಶ ತಿರುಪ್ಪೂರಿನ ಘಟಕಕ್ಕೆ ಏನನ್ನೂ ಹೇಳುವುದಿಲ್ಲ. ಅಲ್ಲಿನ ನೀರಿಗೆ ಹಸಿ ಹೊಟ್ಟು ಕೆಲಸ ಮಾಡಬೇಕಾದರೆ ಮೊದಲು ಆಮ್ಲ ಸುರಿದು ಕ್ಷಾರ ಕಳೆಯಬೇಕು. ಅಂದರೆ ಇನ್ನಷ್ಟು ಲವಣ. ಉಪ್ಪು ವಿದ್ಯುದಂಶಗಳ ನಡುವಿನ ತಳ್ಳಾಟವನ್ನು ತುಸು ಮಬ್ಬಾಗಿಸಿ ಕೆಲವೊಮ್ಮೆ ನೆರವಾಗುವುದುಂಟು, ಆದರೆ ಅದನ್ನು ನಂಬಿ ಘಟಕ ಕಟ್ಟಲಾಗದು. ಹತ್ತು ಬಣ್ಣಗಳು, ಸೋಪು, ಗಂಜಿಯ ಪಿಷ್ಟ ಎಲ್ಲವೂ ಒಂದೇ ಮೇಲ್ಮೈಗಾಗಿ ಪೈಪೋಟಿ ನಡೆಸಿದಾಗ ಪ್ರತಿಯೊಂದರ ಹೀರಿಕೆಯೂ ಕುಸಿಯುತ್ತದೆ.

ಪ್ರಮಾಣದ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ದಿನಕ್ಕೆ 10,000 ಲೀಟರ್ ನೀರು ಬಿಡುವ ಸಣ್ಣ ಘಟಕ, ಲೀಟರಿಗೆ 100 ಮಿ.ಗ್ರಾಂ ಬಣ್ಣ ಎಂದರೆ ದಿನಕ್ಕೆ ಒಂದು ಕಿಲೋ ಬಣ್ಣ. ಗ್ರಾಂಗೆ 20 ಮಿ.ಗ್ರಾಂ ಹೀರುವ ಹೊಟ್ಟಾದರೆ ಕನಿಷ್ಠ 50 ಕಿಲೋ ಬೇಕು. ನೀರು ತೆಳುವಾದಂತೆ ಹೀರಿಕೆಯ ಬಲವೂ ಇಳಿಯುವುದರಿಂದ ನಿಜಕ್ಕೆ ಅದರ ಎರಡು ಪಟ್ಟು ಬೇಕಾದೀತು. ತಿಂಗಳಿಗೆ ಮೂರು ಟನ್ ಒಣ ಹೊಟ್ಟು ಒಳಗೆ ಬಂದು, ನೀರು ಕುಡಿದು ಅದಕ್ಕಿಂತ ಎಷ್ಟೋ ಹೆಚ್ಚು ತೂಕವಾಗಿ ಹೊರಗೆ ಹೋಗಬೇಕು. ಗ್ರಾಂಗೆ 200 ಮಿ.ಗ್ರಾಂ ಹೀರುವ ಇದ್ದಿಲಾದರೆ ಇದೇ ಕೆಲಸ ದಿನಕ್ಕೆ 5-10 ಕಿಲೋದಲ್ಲಿ ಮುಗಿಯುತ್ತದೆ. ಹೊಟ್ಟಿನ ಬೆಲೆ ಇಲ್ಲಿ ಸಣ್ಣ ಬಾಬ್ತು. ಒಣಗಿಸುವುದು, ಸಾಗಿಸುವುದು, ಒದ್ದೆ ರಾಶಿಯನ್ನು ವಿಲೇವಾರಿ ಮಾಡುವುದು ದೊಡ್ಡವು.

ಕಾರ್ಖಾನೆಯಲ್ಲಿ ಫ್ಲಾಸ್ಕಿನ ಬದಲು ಕೊಳವೆ ಇರುತ್ತದೆ. ಹೊಟ್ಟು ತುಂಬಿದ ಕೊಳವೆಗೆ ಮೇಲಿನಿಂದ ಬಣ್ಣದ ನೀರು ಬಿಟ್ಟರೆ ಮೊದಲ ಪದರ ತುಂಬಿ, ಎರಡನೆಯದು ತುಂಬಿ, ಬಣ್ಣದ ಗೆರೆ ಕೆಳಗಿಳಿಯುತ್ತದೆ. ಗೆರೆ ತಳ ಮುಟ್ಟಿದಾಗ ಹೊರಬರುವ ನೀರು ಕಲೆಗಟ್ಟಲು ಶುರುವಾಗುತ್ತದೆ. ಕೊಳವೆ ಬದಲಿಸುವ ಹೊತ್ತು ಅದು. ಎರಡು ಮೂರು ಕೊಳವೆಗಳನ್ನು ಸಾಲಾಗಿಟ್ಟರೆ ಮೊದಲನೆಯದನ್ನು ಪೂರ್ತಿ ಬಳಸಿ ತೆಗೆಯಬಹುದು. ಕೊಳವೆಯ ಮೇಲೆ ಪ್ರಯೋಗ ಮಾಡಿದ ಅಧ್ಯಯನಗಳು ಫ್ಲಾಸ್ಕಿನ ಅಧ್ಯಯನಗಳಿಗಿಂತ ತೀರ ಕಡಿಮೆ. ನಿಜವಾದ ಕಾರ್ಖಾನೆ ನೀರನ್ನು ಬಳಸಿದವು ಇನ್ನೂ ಕಡಿಮೆ.

ಕರ್ನಾಟಕದ ಸಂದರ್ಭ

ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಮತ್ತು ರಬಕವಿ-ಬನಹಟ್ಟಿಯ ನೇಕಾರಿಕೆಯೂ ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳೂ ಒಂದೇ ಸೀಮೆಯಲ್ಲಿವೆ. ಬಾಯ್ಲರ್ ಬೂದಿಯನ್ನು ದೂರ ಸಾಗಿಸದೆ ಬಣ್ಣದ ನೀರಿಗೆ ಬಳಸಿ ನೋಡಲು ಇದಕ್ಕಿಂತ ಅನುಕೂಲದ ಜಾಗ ರಾಜ್ಯದಲ್ಲಿ ಅಪರೂಪ. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಸಿಂಧನೂರು, ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹೊಟ್ಟು ಹತ್ತಿರವಿದ್ದರೂ ಅಲ್ಲಿ ಲೆಕ್ಕ ಬೇರೆ. ಜೀನ್ಸಿನ ನೀಲಿ ಗಾಳಿ ತಾಗಿದೊಡನೆ ನೀರಿನಲ್ಲಿ ಕರಗದ ಕಣವಾಗುತ್ತದೆ. ಅದನ್ನು ಆಲಂನಂಥ ಹೆಪ್ಪುಗಟ್ಟಿಸುವ ವಸ್ತು ಹಾಕಿ ತಳಕ್ಕೆ ಕೂರಿಸುವುದೇ ಸರಿ. ಹೊಟ್ಟಿಗೆ ಕೆಲಸವಿದ್ದರೆ ಆ ಬಳಿಕ ಉಳಿಯುವ ತೆಳು ಬಣ್ಣಕ್ಕೆ ಮಾತ್ರ.

ರೇಷ್ಮೆಯ ಬಣ್ಣಗಾರಿಕೆಯನ್ನು ಸಂಶೋಧಕರು ಇನ್ನಷ್ಟು ಗಮನಿಸಬೇಕು. ರೇಷ್ಮೆ ಲಡಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಕೋಲಿಗೆ ಹಾಕಿ ತಿರುಗಿಸುತ್ತ ಆಸಿಡ್ ಬಣ್ಣ ಹಾಕುವಾಗ ಅಸಿಟಿಕ್ ಆಮ್ಲ ಬೆರೆಸಿರುತ್ತಾರೆ. ಹೊರಚೆಲ್ಲುವ ನೀರು ಮೊದಲೇ ಹುಳಿ. ಹತ್ತಿಯ ನೀರಿನಷ್ಟು ಉಪ್ಪು ಅದರಲ್ಲಿಲ್ಲ, ಒಂದೊಂದು ಮನೆಯ ಪ್ರಮಾಣವೂ ಸಣ್ಣದು. ಋಣ ಬಣ್ಣಗಳನ್ನು ಹೊಟ್ಟು ಹಿಡಿಯಲು ಬೇಕಾದ ಸ್ಥಿತಿ ತಾನಾಗಿಯೇ ಒದಗಿದೆ. ದೊಡ್ಡ ಶುದ್ಧೀಕರಣ ಘಟಕ ಕಟ್ಟುವ ಶಕ್ತಿಯಿಲ್ಲದ ಮೊಳಕಾಲ್ಮೂರು, ಕೊಳ್ಳೇಗಾಲ, ಇಳಕಲ್‌ನ ಬಣ್ಣಗಾರರಿಗೆ ಎರಡು ಡ್ರಮ್ಮುಗಳ ಹೊಟ್ಟಿನ ಸೋಸುಗ ಸಾಧ್ಯವಾದ ಸಂಗತಿ. ಹತ್ತಿಯ ರಿಯಾಕ್ಟಿವ್ ನೀರಿನ ಮೇಲೆ ಸೋತು ಈ ವಿಧಾನವನ್ನೇ ಕೈಬಿಡುವುದಕ್ಕಿಂತ ಅದು ಗೆಲ್ಲಬಲ್ಲ ಇಂಥ ಜಾಗದಲ್ಲಿ ಬೇರೂರಿಸುವುದು ಮೇಲು.

ಯಾವ ಉಳಿಕೆ ಎಂಬುದಕ್ಕೆ ಅಡಿಕೆ ಸಿಪ್ಪೆ ಒಳ್ಳೆಯ ಅಭ್ಯರ್ಥಿ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಶಿವಮೊಗ್ಗ, ಚನ್ನಗಿರಿ ಕಡೆ ಸುಲಿತದ ಕಾಲದಲ್ಲಿ ಸಿಪ್ಪೆಯನ್ನು ರಸ್ತೆ ಬದಿಯಲ್ಲಿ ಸುರಿದು ಬೆಂಕಿ ಹಚ್ಚುತ್ತಾರೆ. ಆ ಹೊಗೆಗೆ ಊರೇ ಕೆಮ್ಮುತ್ತದೆ. ಭತ್ತದ ಹೊಟ್ಟಿಗಿರುವಷ್ಟು ಗಿರಾಕಿಗಳು ಇದಕ್ಕಿಲ್ಲ. ನಾರುನಾರಾದ ಇದು ಕೊಳವೆಯಲ್ಲಿ ಪುಡಿಯಂತೆ ಬಿಗಿದುಕೊಳ್ಳದೆ ನೀರನ್ನು ಹರಿಯಬಿಡುತ್ತದೆ. ಹಸಿ ಸಿಪ್ಪೆಯ ಟ್ಯಾನಿನ್ ಮಾತ್ರ ತೊಳೆದು ಕಳೆಯಲೇಬೇಕು.

ಬಳಸಿದ ಹೊಟ್ಟಿನ ವಿಲೇವಾರಿ

ಬಣ್ಣ ಹೀರಿದ ಹೊಟ್ಟು ಬಣ್ಣವನ್ನು ನಾಶ ಮಾಡಿರುವುದಿಲ್ಲ, ನೀರಿನಿಂದ ತನ್ನ ಮೇಲಕ್ಕೆ ವರ್ಗಾಯಿಸಿಕೊಂಡಿರುತ್ತದೆ. ತಿಪ್ಪೆಗೆ ಎಸೆದರೆ ಮಳೆಗೆ ಮತ್ತೆ ಬಿಡುತ್ತದೆ. ಆಸಿಡ್ ಬಣ್ಣಗಳನ್ನು ಕ್ಷಾರದಲ್ಲಿ, ಬೇಸಿಕ್ ಬಣ್ಣಗಳನ್ನು ಆಮ್ಲದಲ್ಲಿ ತೊಳೆದು ಹೊಟ್ಟನ್ನು ಮರುಬಳಕೆ ಮಾಡಬಹುದು. ಆದರೆ ಪ್ರತಿ ಸುತ್ತಿಗೂ ಶಕ್ತಿ ಕುಂದುತ್ತದೆ, ತೊಳೆದ ದ್ರಾವಣ ಮೂಲ ನೀರಿಗಿಂತ ಗಾಢವಾದ ಬಣ್ಣದ್ದಾಗಿರುತ್ತದೆ. ಅಗ್ಗದ ಹೊಟ್ಟಿಗೆ ಇಷ್ಟು ಶ್ರಮ ಹೊಂದುವುದಿಲ್ಲ. ಇದ್ದಿಲಿಗೆ ಹೊಂದೀತು.

2000ದ ಆಸುಪಾಸಿನಲ್ಲಿ ಉತ್ತರ ಐರ್ಲೆಂಡಿನ ರಾಬಿನ್ಸನ್, ಚಂದ್ರನ್ ಮತ್ತು ನಿಗಮ್ ಬೇರೊಂದು ದಾರಿ ತೋರಿಸಿದರು. ಮೆಕ್ಕೆಜೋಳದ ಬೆಂಡು, ಬಾರ್ಲಿ ಹೊಟ್ಟು, ಗೋಧಿ ಹುಲ್ಲಿಗೆ ಬಣ್ಣ ಹೀರಿಸಿ, ಅದೇ ಒದ್ದೆ ರಾಶಿಯ ಮೇಲೆ ಬಿಳಿ ಕೊಳೆ ಶಿಲೀಂಧ್ರಗಳನ್ನು ಬೆಳೆಸುವುದು. ಮರದ ಲಿಗ್ನಿನ್ ಒಡೆಯಲು ಈ ಶಿಲೀಂಧ್ರಗಳು ಸ್ರವಿಸುವ ಕಿಣ್ವಗಳು ಯಾವ ಆಕಾರದ ಅಣುವಿನ ಮೇಲಾದರೂ ಬೀಳುವಂಥವು; ಬಣ್ಣವನ್ನೂ ಒಡೆಯುತ್ತವೆ. ಹೊಟ್ಟು ಇಲ್ಲಿ ಹೀರುವ ವಸ್ತುವೂ ಹೌದು, ಶಿಲೀಂಧ್ರದ ಆಹಾರವೂ ಹೌದು. ಕೊನೆಗೆ ಉಳಿಯುವ ಪ್ರೋಟೀನು ತುಂಬಿದ ರಾಶಿ ಗೊಬ್ಬರವಾಗಬಹುದೆಂಬುದು ಆಸೆ. ಬಣ್ಣದ ತುಣುಕುಗಳು ಮಣ್ಣಿಗೆ ಹೋಗುವುದಿಲ್ಲವೆಂದು ಪ್ರತಿ ಬಣ್ಣಕ್ಕೂ ಪರೀಕ್ಷಿಸಿ ಖಚಿತಪಡಿಸಿಕೊಳ್ಳದೆ ಅದನ್ನು ಹೊಲಕ್ಕೆ ಹಾಕುವುದು ಸಲ್ಲದು. ರೇಷ್ಮೆ ಮತ್ತು ಉಣ್ಣೆಗೆ ಬಳಸುವ ಕೆಲವು ಬಣ್ಣಗಳಲ್ಲಿ ಕ್ರೋಮಿಯಂ, ಕೋಬಾಲ್ಟ್ ಇರುತ್ತವೆ. ಯಾವ ಶಿಲೀಂಧ್ರವೂ ಲೋಹವನ್ನು ಒಡೆಯಲಾರದು.

ಉಳಿದದ್ದು ಸುಡುವ ದಾರಿ. ಒಣಗಿದ ಹೊಟ್ಟಿಗೆ ಉರಿಯುವ ಗುಣ ಇದ್ದೇ ಇದೆ. ಆದರೆ ಗಂಧಕ, ಕ್ಲೋರಿನ್ ಇರುವ ಬಣ್ಣಗಳನ್ನು ಇಟ್ಟಿಗೆ ಗೂಡಿನಲ್ಲೋ ಬಚ್ಚಲ ಒಲೆಯಲ್ಲೋ ಸುಟ್ಟರೆ ಕೇಡು ಗಾಳಿಗೆ ದಾಟುತ್ತದೆ. ಒಳಗಿನ ವಸ್ತು ಸುಮಾರು 1,450 ಡಿಗ್ರಿಗೆ ಕಾಯುವ ಸಿಮೆಂಟ್ ಗೂಡುಗಳು ಇದಕ್ಕೆ ತಕ್ಕ ಜಾಗ. ಅಲ್ಲಿ ಸಾವಯವ ಅಣುಗಳು ಪೂರ್ತಿ ಒಡೆಯುತ್ತವೆ, ಬಹುಪಾಲು ಬೂದಿ ಸಿಮೆಂಟಿನಲ್ಲೇ ಸೇರಿಕೊಳ್ಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳ ಅನುಮತಿಯೊಂದಿಗೆ ಕೈಗಾರಿಕಾ ತ್ಯಾಜ್ಯವನ್ನು ಹೀಗೆ ಸಿಮೆಂಟ್ ಗೂಡುಗಳಿಗೆ ಕಳಿಸುವ ಪದ್ಧತಿ ಭಾರತದಲ್ಲಿ ಈಗಾಗಲೇ ಇದೆ. ಕಲಬುರಗಿ ಜಿಲ್ಲೆಯ ಸೇಡಂ ಮತ್ತು ವಾಡಿಯಲ್ಲೂ ಬಾಗಲಕೋಟೆ ಜಿಲ್ಲೆಯಲ್ಲೂ ಸಿಮೆಂಟ್ ಕಾರ್ಖಾನೆಗಳಿವೆ. ಸಣ್ಣ ಬಣ್ಣಗಾರರ ಮನೆಗಳಿಂದ ಬಳಸಿದ ಹೊಟ್ಟನ್ನು ವಾರಕ್ಕೊಮ್ಮೆ ಎತ್ತಿ, ಒಂದೆಡೆ ಒಣಗಿಸಿ, ಅಲ್ಲಿಗೆ ಮುಟ್ಟಿಸುವ ಲಾರಿಯ ಬಾಡಿಗೆ ಯಾರದು ಎಂಬುದನ್ನು ನೇಕಾರರ ಸಹಕಾರ ಸಂಘಗಳೋ ನಗರಸಭೆಗಳೋ ನಿರ್ಧರಿಸಬೇಕಾಗುತ್ತದೆ.